ಕತ್ತಲ ಹೊಳೆಗೆ ಲಾರಿ ಟ್ಯೂಬು

ಕೆಂಚನಗುಡ್ಡದ ಹೊಳೆಯಲ್ಲಿ ಈಜು ಕಲಿತವರಿಗೆ ಮೊದಲ ಗುರು ಲಾರಿ ಟ್ಯೂಬು. ಸಿರುಗುಪ್ಪದ ರೈಸ್‌ಮಿಲ್ಲುಗಳಿಗೆ ಭತ್ತ ಹೊರುವ ಲಾರಿಯ ಟ್ಯೂಬು ಮೈಯೆಲ್ಲ ಪ್ಯಾಚಾಗಿ, ಪಂಕ್ಚರ್ ಅಂಗಡಿಯವನೂ 'ಇನ್ನ ಇದು ಆಗಲ್ಲ' ಎಂದು ಮೂಲೆಗೆ ಎಸೆದ ಮೇಲೆ ನಮ್ಮ ಪಾಲಿಗೆ ಬರುತ್ತಿತ್ತು. ವಾಲ್ವಿನ ಮೂತಿ ಹೊಟ್ಟೆಗೆ ಚುಚ್ಚದ ಹಾಗೆ ಹಳೇ ಬನಿಯನ್ನಿನ ಚೂರು ಸುತ್ತಬೇಕು. ಬಿಸಿಲಿಗೆ ಕಾದ ರಬ್ಬರು ತೊಡೆ ಸುಡದ ಹಾಗೆ ಮೊದಲು ನೀರು ಚಿಮುಕಿಸಬೇಕು. ಇಷ್ಟು ಶಾಸ್ತ್ರ ಮುಗಿದರೆ ತುಂಗಭದ್ರೆ ನಮ್ಮದು. ಹತ್ತಿದ ಜಾಗಕ್ಕಿಂತ ಎಷ್ಟೋ ಕೆಳಗೆ ಯಾವುದೋ ಬಂಡೆಗೆ ತಗುಲಿ ನಿಲ್ಲುತ್ತಿದ್ದೆವು. ಅಲ್ಲಿಂದ ಟ್ಯೂಬನ್ನು ಕೊರಳಿಗೆ ಹಾಕಿಕೊಂಡು, ಬರಿಗಾಲಲ್ಲಿ, ಗದ್ದೆಯ ಬದುವಿನ ಮೇಲೆ ವಾಪಸು.

ಹೀಗೆ ಬೆಳೆದವನನ್ನು ನಲವತ್ತು ವರ್ಷದ ಮೇಲೆ ಮಗಳು ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಿಂದ ಕಾರಿನಲ್ಲಿ ಕೂರಿಸಿಕೊಂಡು, ಒಂದು ಗಂಟೆ ದಾರಿ ಕ್ರಮಿಸಿ, ವೈಟೊಮೊ ಎಂಬ ಹಳ್ಳಿಗೆ ಕರೆದೊಯ್ದಳು. ನೆಲದೊಳಗಿನ ಹೊಳೆಯಲ್ಲಿ ತೇಲುತ್ತಾ ಹೊಳೆಯುವ ಹುಳು ನೋಡುವ ಸಾಹಸಯಾತ್ರೆಯಂತೆ. ಮೈಗೆ ಅಂಟುವ ದಪ್ಪ ರಬ್ಬರಿನ ಅಂಗಿ ತೊಡಿಸಿದರು. ತಲೆಗೆ ದೀಪವಿರುವ ಹೆಲ್ಮೆಟ್ಟು, ಕಾಲಿಗೆ ಗಂಬೂಟು. ಆಮೇಲೆ ಗೈಡು ಒಂದು ಗೋಡೆಯ ಕಡೆ ಕೈ ತೋರಿಸಿ, ನಿಮ್ಮ ಸೊಂಟದ ಅಳತೆಗೆ ಒಂದೊಂದು ಆರಿಸಿಕೊಳ್ಳಿ ಎಂದ. ನೋಡಿದರೆ ಸಾಲಾಗಿ ಕಪ್ಪು ಟ್ಯೂಬುಗಳು! ನನಗೆ ನಗು ತಡೆಯಲಾಗಲಿಲ್ಲ.

"ಯಾಕಪ್ಪಾ, ಒಬ್ನೇ ನಗ್ತೀ?"

"ಇದಕ್ಕ ರೊಕ್ಕ ಕೊಟ್ಟು ಇಷ್ಟು ದೂರ ಬಂದ್ವೇನವ್ವಾ?"

ಅವಳಿಗೆ ಅರ್ಥವಾಗಲಿಲ್ಲ. ಅವಳು ಈಜು ಕಲಿತದ್ದು ಬೆಂಗಳೂರಿನ ನೀಲಿ ಟೈಲ್ಸಿನ ಕೊಳದಲ್ಲಿ. ನನ್ನ ತಲೆಯಲ್ಲಿ ಮಾತ್ರ ಒಂದು ಪ್ರಶ್ನೆ ಕೂತುಬಿಟ್ಟಿತು. ಲಾರಿ ಟ್ಯೂಬಿನ ಮೇಲೆ ಕತ್ತಲಲ್ಲಿ ತೇಲುವುದನ್ನು ಟಿಕೆಟ್ಟು ಮಾಡಿ ಮಾರಬಹುದೆಂದು ಮೊದಲು ಹೊಳೆದದ್ದು ಯಾರಿಗೆ?

ಅದಕ್ಕೂ ಮೊದಲು ನಮ್ಮ ಕಡೆ ಇದು ಯಾಕೆ ಹುಟ್ಟಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ತೇಲುವ ವಿದ್ಯೆಗೇನೂ ನಮ್ಮಲ್ಲಿ ಬರವಿರಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂಥ ದುಂಡನೆ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ಅದು ನಮ್ಮ ಹರಿಗೋಲೇ. ಚರ್ಮ ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂತು, ಹೆಣಿಗೆ ಹಾಗೇ ಉಳಿಯಿತು. ಹಂಪಿಯಲ್ಲಿ ಅದೀಗ ಪ್ರವಾಸಿಗರನ್ನು ಗಿರಗಿರ ತಿರುಗಿಸಿ ಕಾಸು ಮಾಡುತ್ತಿದೆ. ಅದೇ ಹೊಳೆ ಕೆಳಗಿಳಿದು ಕಂಪ್ಲಿ ದಾಟಿ ನಮ್ಮೂರಿಗೆ ಬರುವಾಗ ಹೊಟ್ಟೆಪಾಡಿನ ಹೊಳೆಯಾಗಿರುತ್ತದೆ. ವಿಜಯನಗರದವರು ಕಟ್ಟಿದ ಕಾಲುವೆಗಳಲ್ಲಿ ಸಿರುಗುಪ್ಪದ್ದೂ ಒಂದು, ದೇಶನೂರಿನದೂ ಒಂದು. ಇಲ್ಲಿ ನೀರೆಂದರೆ ಭತ್ತ. ಆಟ ಏನಿದ್ದರೂ ಹುಡುಗರದ್ದು.

ಇಲ್ಲದ್ದು ಗವಿ. ಬಳ್ಳಾರಿ ಸೀಮೆಯ ಗುಡ್ಡಗಳಲ್ಲಿ ಹೆಚ್ಚಿನವು ಕಣಶಿಲೆ. ಕಣಶಿಲೆ ಸೀಳುತ್ತದೆ, ಬಿಸಿಲಿಗೆ ಸಿಪ್ಪೆ ಬಿಡುತ್ತದೆ, ಗುಂಡಾಗಿ ಒಂದರ ಮೇಲೊಂದು ಕೂರುತ್ತದೆ, ನೀರಿಗೆ ಮಾತ್ರ ಕರಗುವುದಿಲ್ಲ. ನಾವು ಗವಿ ಎಂದು ಕರೆಯುವುದು ಬಹುಪಾಲು ಬಂಡೆಗಳ ಸಂದಿ. ಹೊಳೆಯೊಂದು ನೆಲದೊಳಗೆ ನುಗ್ಗಿ ಮೈಲುಗಟ್ಟಲೆ ದಾರಿ ಕೊರೆಯಬೇಕಾದರೆ ಸುಣ್ಣಕಲ್ಲು ಬೇಕು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಗೋಲಿಸೋಡಾದಲ್ಲಿರುವುದೂ ಅದೇ ಹುಳಿ. ಅದಕ್ಕೆ ಸುಣ್ಣಕಲ್ಲು ಮೆಲ್ಲಗೆ ಕರಗುತ್ತದೆ. ನಮಗೆ ಹತ್ತಿರದ ಅಂಥ ಜಾಗ ಆಂಧ್ರದ ಬೇಲಂ. ಗುಂತಕಲ್ಲು, ತಾಡಪತ್ರಿ ದಾಟಿ ಹೋಗಬೇಕು. ಆ ಗವಿಯನ್ನು 1884ರಲ್ಲಿ ದಾಖಲಿಸಿದ ರಾಬರ್ಟ್ ಬ್ರೂಸ್ ಫೂಟ್ ನಮಗೂ ಬೇಕಾದವನೇ. ಸಂಗನಕಲ್ಲಿನ ಗುಡ್ಡದಲ್ಲಿ ಶಿಲಾಯುಗದ ಕಲ್ಲಾಯುಧಗಳನ್ನು ಗುರುತಿಸಿದವನು, ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ 1895ರಲ್ಲಿ ಇಡೀ ಗ್ರಂಥವನ್ನೇ ಹೊರತಂದವನು. ಅವನು ಬರೆದಿಟ್ಟ ಮೇಲೂ ಸುಮಾರು ನೂರು ವರ್ಷ ಬೇಲಂ ಸುಮ್ಮನೆ ಬಿದ್ದಿತ್ತು. 1982-83ರಲ್ಲಿ ಹರ್ಬರ್ಟ್ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಅಳತೆ ಮಾಡಿತು, 2002ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ತಳದಲ್ಲಿ ಪಾತಾಳಗಂಗೆಯೆಂಬ ತೊರೆಯಿದೆ, ಆದರೆ ತೇಲುವಷ್ಟಿಲ್ಲ. ಬೆವರು ಒರೆಸಿಕೊಂಡು, ನೋಡಿ, ಮೇಲೆ ಬರುವುದು.

ವೈಟೊಮೊದ ಕಥೆಯೂ ಬೇಲಮ್ಮಿನಂತೆ ಬಿಳಿಯನೊಬ್ಬ ಬಂದು 'ಕಂಡುಹಿಡಿದ' ಕಥೆಯಿರಬೇಕು ಎಂದುಕೊಂಡಿದ್ದೆ. ಅರ್ಧ ಮಾತ್ರ ಹಾಗೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ ವೈ ಎಂದರೆ ನೀರು, ಟೊಮೊ ಎಂದರೆ ತೂತು. ಹೊಳೆ ನೆಲದೊಳಗೆ ಇಳಿದು ಮಾಯವಾಗುವ ಜಾಗವೊಂದಿದೆ ಎಂದು ಅಲ್ಲಿನವರಿಗೆ ಮೊದಲಿನಿಂದ ಗೊತ್ತಿತ್ತು. ಊರಿಗೆ ಹೆಸರಿಟ್ಟದ್ದೇ ಅದರ ಮೇಲೆ. ಒಳಗೆ ಹೆಚ್ಚು ದೂರ ಹೋದವರಿರಲಿಲ್ಲ. 1887ರಲ್ಲಿ ಅಲ್ಲಿನ ಮುಖಂಡ ಟಾನೆ ಟಿನೊರೌ, ಫ್ರೆಡ್ ಮೇಸ್ ಎಂಬ ಇಂಗ್ಲಿಷ್ ಸರ್ವೇಯರನ ಜೊತೆ ಕೂಡಿ ಒಂದು ತೆಪ್ಪ ಕಟ್ಟಿದ. ಅಲ್ಲಿನ ಹೊಳೆದಂಡೆಯ ಒಂದು ನಾರುಗಿಡದ ಹೂದಂಟುಗಳನ್ನು ಒಣಗಿಸಿ ಕಟ್ಟಿದ ಹಗುರ ತೆಪ್ಪ. ದೀಪವೆಂದರೆ ಮೇಣದ ಬತ್ತಿ. ಇಬ್ಬರೂ ಆ ತೂತಿನೊಳಗೆ ತೇಲಿಹೋದರು.

ನನಗೆ ಈ ಕಥೆಯಲ್ಲಿ ಹಿಡಿಸಿದ್ದೇ ಇದು. ಮೊದಲ ಸಲ ಹೋದವರೂ ತೇಲಿಯೇ ಹೋದದ್ದು. ನಡೆದು ನೋಡುವ ಪ್ರವಾಸ ಬಂದದ್ದು ಆಮೇಲೆ. ಟಾನೆ ಮತ್ತೆ ಮತ್ತೆ ಹೋಗಿ ಗವಿಗೆ ಮೇಲಿನಿಂದ ಇನ್ನೊಂದು ಬಾಗಿಲಿರುವುದನ್ನು ಪತ್ತೆಹಚ್ಚಿದ. ಜನ ಈಗ ಒಳಹೊಗುವುದು ಅಲ್ಲಿಂದಲೇ. 1889ರ ಹೊತ್ತಿಗೆ ಅವನೂ ಅವನ ಹೆಂಡತಿ ಹುಟಿಯೂ ಸಣ್ಣ ಶುಲ್ಕ ಪಡೆದು ಪ್ರವಾಸಿಗರನ್ನು ತಾವೇ ಕರೆದೊಯ್ಯುತ್ತಿದ್ದರು. ಅಂದರೆ ನನ್ನ ಪ್ರಶ್ನೆಗೆ ಮೊದಲ ಅರ್ಧ ಉತ್ತರ ಇಲ್ಲಿದೆ: ಕತ್ತಲಿಗೆ ಟಿಕೆಟ್ಟು ಹಚ್ಚಿದವರು ಆ ನೆಲದ ಒಡೆಯರೇ. ವ್ಯಾಪಾರ ಕುದುರಿದ ಮೇಲೆ, 1906ರಲ್ಲಿ, ಸರ್ಕಾರ ಗವಿಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಮರಳಿ ಟಾನೆಯ ವಂಶಸ್ಥರ ಕೈಗೆ ಬಂದದ್ದು 1989ರಲ್ಲಿ. ಎಂಬತ್ತಮೂರು ವರ್ಷ! ಕೆರೆ-ಗುಡ್ಡ-ಗಣಿಗಳ ಜಗಳ ಕೇಳಿಕೊಂಡೇ ಬೆಳೆದ ಬಳ್ಳಾರಿ ಜಿಲ್ಲೆಯವನಿಗೆ ಈ ಅಂಕಿ ಸುಮ್ಮನೆ ದಾಟಿಹೋಗುವುದಿಲ್ಲ. ಈಗ ಆ ಗವಿಯಲ್ಲಿ ಕೆಲಸ ಮಾಡುವವರಲ್ಲಿ ಅನೇಕರು ಟಾನೆಯ ವಂಶದವರೇ.

ಇನ್ನು ಹುಳು. ನಮ್ಮ ಮಿಣುಕುಹುಳಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ನಮ್ಮದು ಜೀರುಂಡೆಯ ಕುಲ. ಹಾರುತ್ತದೆ, ಮಿಣಕ್ ಮಿಣಕ್ ಎಂದು ಜೊತೆಗಾರನನ್ನು ಕರೆಯುತ್ತದೆ. ವೈಟೊಮೊದ್ದು ನೊಣ-ಗುಂಗುರುಗಳ ಕುಲದ ಒಂದು ಕೀಟದ ಮರಿಹುಳು. ಮಿನುಗುವುದಿಲ್ಲ, ಒಂದೇ ಸಮ ನೀಲಿ-ಹಸಿರಾಗಿ ಉರಿಯುತ್ತದೆ. ಈ ವ್ಯತ್ಯಾಸ ವಿಜ್ಞಾನಿಗಳಿಗೂ ಬೇಗ ತಿಳಿಯಲಿಲ್ಲ. 1871ರಲ್ಲಿ ನ್ಯೂಜಿಲೆಂಡಿನದೇ ಥೇಮ್ಸ್ ಎಂಬಲ್ಲಿನ ಚಿನ್ನದ ಗಣಿಯೊಳಗೆ ಸಿಕ್ಕಾಗ ಯುರೋಪಿನ ಮಿಂಚುಹುಳುವಿನ ಬಂಧುವೆಂದೇ ಭಾವಿಸಿದ್ದರು. 1886ರಲ್ಲಿ ಕ್ರೈಸ್ಟ್‌ಚರ್ಚಿನ ಒಬ್ಬ ಶಾಲಾಮಾಸ್ತರರು ಅಲ್ಲ, ಇದು ಗುಂಗುರಿನ ಮರಿ ಎಂದು ತೋರಿಸಿಕೊಟ್ಟರು. ಈಗಿನ ಹೆಸರು ಅರಾಕ್ನೊಕಾಂಪಾ ಲುಮಿನೋಸಾ. ಮೊದಲರ್ಧದಲ್ಲಿ ಜೇಡವಿದೆ, ಕಾರಣ ಇದರ ಕಸುಬು ಜೇಡನದ್ದೇ. ಗವಿಯ ಸೂರಿನಲ್ಲಿ ರೇಷ್ಮೆಯ ಜೋಲಿ ಕಟ್ಟಿಕೊಂಡು ಮಲಗಿ, ಕೆಳಗೆ ಹತ್ತಾರು ಎಳೆ ಇಳಿಬಿಡುತ್ತದೆ. ಎಳೆಯುದ್ದಕ್ಕೂ ಅಂಟಿನ ಹನಿ. ಹೊಳೆಯ ಜೊತೆ ಒಳಗೆ ಬಂದ ಸಣ್ಣಪುಟ್ಟ ನೊಣ, ಬೆಳಕನ್ನು ಆಕಾಶವೆಂದು ತಿಳಿದು ಮೇಲೇರಿದರೆ ಮುಗಿಯಿತು; ಎಳೆಯನ್ನು ಮೀನಿನ ಗಾಳದಂತೆ ಎಳೆದುಕೊಂಡು ತಿನ್ನುತ್ತದೆ. ಹಸಿದ ಹುಳುವಿನ ಬೆಳಕು ಜಾಸ್ತಿ. ಅಷ್ಟು ಚೆಂದದ ಬೆಳಕು ಹೊರಡುವುದು ಬಾಲದ ತುದಿಯ ವಿಸರ್ಜನಾಂಗದಿಂದ. ಇದನ್ನು ಗೈಡು ಹೇಳಿದಾಗ ಜೊತೆಗಿದ್ದ ನವದಂಪತಿಗಳ ಮುಖ ನೋಡಬೇಕಿತ್ತು.

ಮರಿಹುಳುವಾಗಿ ಸುಮಾರು ಒಂಬತ್ತು ತಿಂಗಳು ಹೀಗೆ ತಿಂದು ಕೂಡಿಟ್ಟದ್ದೇ ಜನ್ಮದ ಬುತ್ತಿ. ರೆಕ್ಕೆ ಬಂದ ಮೇಲೆ ತಿನ್ನಲು ಬಾಯಿಯೇ ಇರುವುದಿಲ್ಲ. ಕೂಡುವುದು, ಮೊಟ್ಟೆಯಿಡುವುದು, ಕೆಲವೇ ದಿನಗಳಲ್ಲಿ ಸಾಯುವುದು. ಮಾವೊರಿಗಳು ಇದನ್ನು ಟಿಟಿವೈ ಎನ್ನುತ್ತಾರೆ. ಆ ಹೆಸರಿನಲ್ಲೂ ವೈ ಇದೆ, ನೀರು. ಬೆಳಕು ನೀರಿನ ಮೇಲೆ ಬಿದ್ದದ್ದನ್ನು ಕಂಡೇ ಇಟ್ಟ ಹೆಸರು.

ಟ್ಯೂಬು ಬಂದದ್ದು ಬಹಳ ತಡವಾಗಿ. ನೂರು ವರ್ಷ ಜನ ವೈಟೊಮೊದಲ್ಲಿ ದೋಣಿಯಲ್ಲಿ ಬಾಯಿ ಮುಚ್ಚಿ ಕೂತು, ಗೈಡು ಮೇಲಿನ ತಂತಿ ಹಿಡಿದು ಎಳೆದಂತೆ ಹೋಗಿ, ಕತ್ತೆತ್ತಿ ನೋಡಿ ಬರುತ್ತಿದ್ದರು. ಆ ದೋಣಿ ಈಗಲೂ ಇದೆ. ಅಷ್ಟಕ್ಕೇ ತೃಪ್ತರಾಗದವರು ಗವಿಗಳಲ್ಲಿ ತೆವಳುವ ಹುಚ್ಚಿನವರು. ಅವರಲ್ಲಿ ಪೀಟರ್ ಚಾಂಡ್ಲರ್ ಮತ್ತು ಜಾನ್ ಆಶ್ ಎಂಬಿಬ್ಬರು, ಟಾನೆ ತೇಲಿಹೋಗಿ ಸರಿಯಾಗಿ ನೂರು ವರ್ಷಕ್ಕೆ, 1987ರಲ್ಲಿ, ಪಕ್ಕದ ರುವಾಕುರಿ ಗವಿಯ ಹೊಳೆಗೆ ಜನರನ್ನು ಟ್ಯೂಬಿನ ಮೇಲೆ ಇಳಿಸುವ ಕಂಪನಿ ಶುರುಮಾಡಿದರು. ಬಿಳಿನೊರೆಯ ಹೊಳೆಯಲ್ಲಿ ರಾಫ್ಟಿಂಗ್ ಇದ್ದಮೇಲೆ ಕರಿನೀರಿನಲ್ಲಿ ಯಾಕಿರಬಾರದು ಎಂದು ಬ್ಲ್ಯಾಕ್ ವಾಟರ್ ರಾಫ್ಟಿಂಗ್ ಎಂದು ಹೆಸರಿಟ್ಟರು. ನಮ್ಮ ಭಾಷೆಯಲ್ಲಿ ಕರಿನೀರು ಎಂದರೆ ಅಂಡಮಾನಿನ ಶಿಕ್ಷೆ. ಆ ಹೆಸರಿಟ್ಟರೆ ಒಂದು ಟಿಕೆಟ್ಟೂ ಹೋಗುತ್ತಿರಲಿಲ್ಲ.

ರುವಾಕುರಿ ಎಂದರೆ ನಾಯಿಗಳ ಗುಹೆ. ನಾಲ್ಕೈನೂರು ವರ್ಷದ ಹಿಂದೆ ಬೇಟೆಗಾರನೊಬ್ಬನ ಮೇಲೆ ಬಾಗಿಲಲ್ಲೇ ಕಾಡುನಾಯಿಗಳು ಬಿದ್ದದ್ದರಿಂದ ಆ ಹೆಸರು ಎಂದು ಅಲ್ಲಿನವರು ಹೇಳುತ್ತಾರೆ. ಹಳೆಯ ಬಾಗಿಲ ಬಳಿ ಹಿರಿಯರನ್ನು ಹೂಳಿದ ಜಾಗವಿದೆ, ಅವರಿಗದು ಮಡಿ. 1904ರಿಂದ ಪ್ರವಾಸಿಗರು ಓಡಾಡುತ್ತಿದ್ದ ಆ ದಾರಿ ವ್ಯಾಜ್ಯವಾಗಿ 1988ರಲ್ಲಿ ಮುಚ್ಚಿತು. 2005ರಲ್ಲಿ ತೆರೆದಾಗ ಹಿರಿಯರ ನೆಲವನ್ನು ತುಳಿಯದ ಹಾಗೆ ಬೇರೆ ಕಡೆಯಿಂದ ನೆಲ ಕೊರೆದು, ಬಾವಿಯಂಥ ಸುರುಳಿ ಇಳಿಜಾರು ಮಾಡಿ ಒಳಗೆ ದಾರಿ ಬಿಟ್ಟರು. ದೇವರ ಗುಡಿಯನ್ನೇ ಹೆದ್ದಾರಿಗಾಗಿ ಸರಿಸುವುದನ್ನು ನೋಡಿದ ಕಣ್ಣು ನಮ್ಮದು. ಆ ಸುರುಳಿಯನ್ನು ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ.

ನಮ್ಮನ್ನು ಮೊದಲು ಬಯಲಿನ ಹೊಳೆಯಲ್ಲೇ ಪರೀಕ್ಷೆಗೆ ಹಚ್ಚಿದರು. ಟ್ಯೂಬನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಹಿಡಿದು, ಬೆನ್ನು ತಿರುಗಿಸಿ ನೀರಿಗೆ ಹಾರಬೇಕು. ಕೆಂಚನಗುಡ್ಡದ ಬಂಡೆಯ ಮೇಲಿಂದ ನೂರು ಸಲ ಹಾರಿದವನಿಗೆ ಇದೇನು ದೊಡ್ಡದು ಎಂದು ಹಾರಿದೆ. ಅಯ್ಯೋ ಆ ಚಳಿ! ನಮ್ಮ ಹೊಳೆಯ ನೀರು ಮಾಘದಲ್ಲೂ ಇಷ್ಟು ಕೊರೆಯದು. ಉಸಿರು ಕಟ್ಟಿ ಬಾಯಿಂದ ಮಾತಿನ ಬದಲು ಒಂದು ಕೂಗು ಹೊರಟಿತು. ಮಗಳು ನಕ್ಕಳು. ಸಮವಾಯಿತು.

ಒಳಗೆ ಹೋದಂತೆ ಸೂರು ಇಳಿಯಿತು. ಒಂದು ಕಡೆ ಮೂಗಿಗೂ ಕಲ್ಲಿಗೂ ಒಂದು ಗೇಣು. ಸುಮಾರು 3 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಚಿಪ್ಪುಗಳು ಕೂಡಿ ಆದ ಕಲ್ಲದು. ಹೆಲ್ಮೆಟ್ಟಿನ ಬೆಳಕಿಗೆ ಒದ್ದೆಯಾಗಿ ಮೊಸರಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಒಂದು ಪುಟ್ಟ ಜಲಪಾತದ ಹತ್ತಿರ ಮತ್ತೆ ಬೆನ್ನು ತಿರುಗಿಸಿ, ಈ ಸಲ ಕತ್ತಲಿಗೆ, ಹಾರಿದೆವು. ಆಮೇಲೆ ಗೈಡು ಎಲ್ಲರನ್ನೂ ಸಾಲಾಗಿ ಜೋಡಿಸಿದ. ಹಿಂದಿನವರ ಕಾಲು ಮುಂದಿನವರ ಕಂಕುಳಲ್ಲಿ, ಮಕ್ಕಳ ರೈಲಾಟದ ಹಾಗೆ. ನನ್ನ ಕಂಕುಳಲ್ಲಿ ಮಗಳ ಗಂಬೂಟು. ದೀಪ ಆರಿಸಿ ಎಂದ.

ಕತ್ತಲೆ ಎಂದರೆ ಹಳ್ಳಿಯವನಾದ ನನಗೆ ಗೊತ್ತು ಎಂದುಕೊಂಡಿದ್ದೆ. ಅಮಾವಾಸ್ಯೆಯಲ್ಲೂ ಚುಕ್ಕಿ ಇರುತ್ತವೆ, ದೂರದ ಪಂಪ್‌ಸೆಟ್ಟಿನ ಬಲ್ಬಿರುತ್ತದೆ. ಇಲ್ಲಿ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಹತ್ತು ಉಸಿರಾಡುವಷ್ಟರಲ್ಲಿ ಮೇಲೆ ಒಂದು ಚುಕ್ಕಿ ಕಂಡಿತು, ಆಮೇಲೆ ಅದರ ಪಕ್ಕ ಇನ್ನೊಂದು, ಆಮೇಲೆ ಎಣಿಕೆ ತಪ್ಪಿತು. ಹೊಳೆ ಯಾವ ಕಡೆ ತಿರುಗುತ್ತಿದೆ ಎಂಬುದನ್ನು ಸೂರಿನ ಆ ನೀಲಿ ಪಟ್ಟಿಯೇ ಹೇಳುತ್ತಿತ್ತು. ಒಂದಕ್ಕೊಂದು ಅಂಟಿಕೊಂಡಿರಲಿಲ್ಲ, ಬಿತ್ತಿದ ಹಾಗೆ ಬಿಡಿಬಿಡಿಯಾಗಿದ್ದವು. ಹತ್ತಿರ ಬಂದ ಹುಳುವನ್ನು ಹುಳುವೇ ತಿನ್ನುತ್ತದಂತೆ, ಅದಕ್ಕೇ ಆ ಅಂತರ. ಯಾರೂ ಮಾತಾಡಲಿಲ್ಲ. ನೀರಿನ ಸದ್ದು, ಟ್ಯೂಬು ಟ್ಯೂಬಿಗೆ ಉಜ್ಜುವ ಕಿರ್ರೆನ್ನುವ ಸದ್ದು. ಆ ಸದ್ದನ್ನು ನಾನು ಕೇಳದೆ ನಲವತ್ತು ವರ್ಷವಾಗಿತ್ತು.

ನೋಡುವವರ ಉಸಿರೇ ಇವುಗಳಿಗೆ ಶತ್ರು ಎಂದು ಆಮೇಲೆ ತಿಳಿಯಿತು. ಜನ ಹೆಚ್ಚಾದರೆ ಗವಿಯಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿ ಕಲ್ಲಿನ ಕುಸುರಿ ಸವೆಯುತ್ತದೆ, ಗಾಳಿ ಒಣಗಿದರೆ ಹುಳು ಸಾಯುತ್ತದೆ. ಹಾಗಾಗಿ ದೋಣಿ ಹೋಗುವ ದೊಡ್ಡ ಗವಿಯಲ್ಲಿ ಗಾಳಿಯನ್ನು ಸದಾ ಯಂತ್ರದಿಂದ ಅಳೆಯುತ್ತಾರೆ, ಮಿತಿ ಮುಟ್ಟಿದರೆ ಜನರನ್ನು ತಡೆಯುತ್ತಾರೆ.

ಹೊರಗೆ ಬಂದಾಗ ಬೆಳಕು ಕಣ್ಣಿಗೆ ಹೊಡೆಯಿತು. ಬಿಸಿನೀರಿನ ಸ್ನಾನ, ಮೇಲೆ ಒಂದು ಬಟ್ಟಲು ಟೊಮೆಟೊ ಸಾರಿನಂಥದ್ದು. ನಮ್ಮನೆಯ ಸಾರಿಗೆ ಸಮನಲ್ಲ, ಆದರೆ ಆ ಚಳಿಗೆ ಅಮೃತ. ಮಗಳು ತಲೆ ಒರೆಸಿಕೊಳ್ಳುತ್ತಾ ಕೇಳಿದಳು, "ನೀನು ಹೊಳ್ಯಾಗ ಹಿಂಗ ಆಡ್ತಿದ್ದೇನಪ್ಪಾ? ಅಜ್ಜಿ ಬಯ್ತಿರಲಿಲ್ಲ?"

"ಟ್ಯೂಬು ಮುಚ್ಚಿಡ್ತಿದ್ಲು," ಎಂದೆ. "ಕಣಜದ ಹಿಂದ."

ನಮ್ಮ ಟ್ಯೂಬುಗಳನ್ನು ತೊಳೆದು ಮತ್ತೆ ಗೋಡೆಗೆ ಒರಗಿಸುತ್ತಿದ್ದರು. ನಾನು ಹತ್ತಿರ ಹೋಗಿ ನನ್ನದನ್ನು ಗುರುತುಹಿಡಿದು ಒಂದು ಸುತ್ತು ತಿರುಗಿಸಿ ನೋಡಿದೆ. ವಾಲ್ವಿನಿಂದ ನಾಲ್ಕು ಬೆರಳು ಆಚೆಗೆ, ಅಂಚು ತುಸು ಎದ್ದ, ದುಂಡನೆಯ ಒಂದು ಪ್ಯಾಚು.