ಗುಳ್ಳಕಾಯಜ್ಜಿಯ ಎದುರಿನಲ್ಲಿ

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬರಿಗಾಲಿನಲ್ಲಿ ಏರಿದವರು 58 ಅಡಿಯ ಗೊಮ್ಮಟನ ಮುಂದೆ ಮಾತು ಮರೆತು ನಿಲ್ಲುವುದು ವಾಡಿಕೆ. ನಾನೂ ಹಾಗೆಯೇ ನಿಂತೆನು. ಆದರೆ ಕತ್ತೆತ್ತಿ ನೋಡಿ ನೋಡಿ ಕೊರಳು ಸೋತು ಹಿಂದಕ್ಕೆ ಸರಿದಾಗ, ಆತನಿಗೆ ಎದುರಾಗಿ ಕೈಯಲ್ಲೊಂದು ಪುಟ್ಟ ಕಾಯಿಯನ್ನು ಹಿಡಿದು ನಿಂತ ಗುಳ್ಳಕಾಯಜ್ಜಿ ಕಣ್ಣಿಗೆ ಬಿದ್ದಳು. ಅಲ್ಲಿಂದಾಚೆಗೆ ಸುಮಾರು ಒಂದು ಗಂಟೆಯ ಕಾಲ ಆ ಮಹಾಮೂರ್ತಿಗೆ ನಾನು ಬಹುಮಟ್ಟಿಗೆ ಬೆನ್ನು ಹಾಕಿಯೇ ಕುಳಿತಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು.

ಕಥೆ ಎಲ್ಲರಿಗೂ ತಿಳಿದದ್ದೇ: ಗಂಗ ರಾಚಮಲ್ಲನ ಮಂತ್ರಿ ಚಾವುಂಡರಾಯನು 981ರ ಸುಮಾರಿಗೆ ಮೂರ್ತಿಯನ್ನು ನಿಲ್ಲಿಸಿ, ಗರ್ವದಿಂದ ಕೊಡಗಟ್ಟಲೆ ಹಾಲೆರೆಸಿದರೂ ಅದು ನಡುವಿನಿಂದ ಕೆಳಗಿಳಿಯಲಿಲ್ಲ, ಬಡ ಮುದುಕಿಯೊಬ್ಬಳು ಗುಳ್ಳದ ಕಾಯಿಯಲ್ಲಿ ತಂದ ಗುಟುಕು ಹಾಲು ಪಾದವನ್ನು ತೊಯ್ಯಿಸಿ ಬೆಟ್ಟದ ಕೆಳಗೂ ಹರಿಯಿತು. ಊರಿಗೆ ಬೆಳಗೊಳವೆಂಬ ಹೆಸರು ಈ ಬಿಳಿಯ ಗುಳ್ಳದಿಂದಲೇ ಬಂದಿತೆನ್ನುವವರೂ ಉಂಟು. ಆದರೆ ಎದುರಿನ ಚಿಕ್ಕಬೆಟ್ಟದಲ್ಲಿ, ಗೊಮ್ಮಟನಿಗಿಂತ ಶತಮಾನಗಳಷ್ಟು ಹಿಂದಿನ ಶಾಸನದಲ್ಲಿಯೇ ‘ವೆಳ್ಗೊಳ’ವೆಂದಿರುವಾಗ, ಬಿಳಿಯ ಕೊಳವೇ ಬೆಳಗೊಳವಾಯಿತೆನ್ನುವುದು ನೇರವಾದ ದಾರಿ. ಇನ್ನು ವಿಗ್ರಹವನ್ನು ನೋಡಿದರೆ, ಒಡವೆ ತೊಟ್ಟು ನೆಟ್ಟಗೆ ನಿಂತ ಈಕೆ ಬಡವಿಯೂ ಅಲ್ಲ, ಮುದುಕಿಯೂ ಅಲ್ಲ. ಕೂಷ್ಮಾಂಡಿನೀ ದೇವಿಯೇ ಅಜ್ಜಿಯ ವೇಷದಲ್ಲಿ ಬಂದಳೆಂಬ ಭಕ್ತರ ಸಮಾಧಾನಕ್ಕೆ ನನ್ನಲ್ಲಿ ಉತ್ತರವಿಲ್ಲ. 12 ವರ್ಷಕ್ಕೊಮ್ಮೆ ಅಟ್ಟಣಿಗೆ ಕಟ್ಟಿ, 1008 ಕಲಶಗಳಿಂದ ಮಸ್ತಕಾಭಿಷೇಕ ನಡೆಸುವ ಜನರು ಈ ಒಂದು ಕಾಯಿಯ ಹಾಲನ್ನು ಮರೆತಿಲ್ಲವೆಂಬುದೇ ನನಗೆ ಪ್ರಿಯವಾದ ಸಂಗತಿ.

ಆದರೂ ಒಂದು ಸಂಶಯವು ನನ್ನನ್ನು ಕಾಡಿತು. ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರಿನಲ್ಲಿ ಕನ್ನಡದಲ್ಲಿರುವುದು ಮೂರೇ ಪದ: ‘ಶ್ರೀ ಚಾವುಂಡರಾಜಂ ಮಾಡಿಸಿದಂ’. ಬಿರುದಿಲ್ಲ, ವಂಶಾವಳಿಯಿಲ್ಲ, ವರ್ಷವೂ ಇಲ್ಲ. ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಅದೇ ಮಿತವಾದ ಮಾತು. ಹೊಯ್ಸಳರ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದಾಗ ಇದೇ ಮಾದರಿಯನ್ನು ಅನುಸರಿಸಿದನು. ಇಷ್ಟು ಕಡಮೆ ಮಾತಾಡಿದವನನ್ನು ಗರ್ವಿಯೆಂದು ಹೇಗೆ ನಂಬುವುದು?

ಈ ವಕಾಲತ್ತನ್ನು ಮನಸ್ಸಿನಲ್ಲಿಯೇ ನಡೆಸುತ್ತ, ಅಖಂಡಬಾಗಿಲನ್ನು ದಾಟಿ ಕೆಳಗಿಳಿದು ತ್ಯಾಗದ ಕಂಬದ ಬಳಿ ಬಂದಾಗ ನನ್ನ ಕಕ್ಷಿಗಾರನು ನನಗೆ ಕೈಕೊಟ್ಟನು. ಅದರ ಉತ್ತರದ ಮುಖದಲ್ಲಿ ಚಾವುಂಡರಾಯನ ಯುದ್ಧಪರಾಕ್ರಮದ ಸ್ತುತಿಯು ಶ್ಲೋಕ ಶ್ಲೋಕವಾಗಿ ಕೊರೆಯಲ್ಪಟ್ಟಿದೆ! ಉಳಿದ ಮೂರು ಮುಖಗಳಲ್ಲಿದ್ದುದು ಈಗ ದೊರೆಯದು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬಾತನು, ಕಂಬಕ್ಕೆ ತಾನು ಯಕ್ಷನನ್ನು ಮಾಡಿಸಿದೆನೆಂದು ಎರಡೂವರೆ ಸಾಲು ಬರೆಯಿಸುವುದಕ್ಕಾಗಿ ಅದನ್ನೆಲ್ಲ ಅಳಿಸಿಹಾಕಿಸಿದನೆಂದು ಶಾಸನತಜ್ಞರು ಊಹಿಸುತ್ತಾರೆ. ಮೂರು ಮುಖಗಳ ಕೀರ್ತಿ ಹೋಗಿ ಎರಡೂವರೆ ಸಾಲು! ನುಣುಪಾದ ಆ ಕಲ್ಲಿನ ಮೇಲೆ ಬೆರಳಾಡಿಸುತ್ತ, ಎಲ್ಲಿಯಾದರೂ ಒಂದಕ್ಷರದ ಕುರುಹು ತಟ್ಟೀತೇನೋ ಎಂದು ಬಹಳ ಹೊತ್ತು ಹುಡುಕಿದೆನು.