ತಲೆಯೊಳಗಿನ ಹುಳು, ನೀರ ಮೇಲಿನ ಸಿಗಡಿ

ದಕ್ಷಿಣ ಫ್ರಾನ್ಸಿನಲ್ಲಿ, ಸೆತ್ ಪಟ್ಟಣದ ಹಿಂಬದಿಗೆ, ತೋ ಎಂಬ ಉಪ್ಪುನೀರಿನ ಹಿನ್ನೀರಿದೆ. ಮೆಡಿಟರೇನಿಯನ್ ಸಮುದ್ರಕ್ಕೂ ಇದಕ್ಕೂ ನಡುವೆ ಮರಳಿನ ಉದ್ದನೆಯ ದಿಬ್ಬವೊಂದೇ ಅಡ್ಡ. ಸುಮಾರು 75 ಚದರ ಕಿಲೋಮೀಟರ್ ನೀರು. ಭರತ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಸಿಂಪಿ ಸಾಕಣೆಗೆ ಹೆಸರಾದ ಜಾಗವಾದ್ದರಿಂದ ಬಂದವರೆಲ್ಲ ಸಿಂಪಿ ತಿಂದು ಹೊರಟುಬಿಡುತ್ತಾರೆ. ದಂಡೆಯ ಆಳವಿಲ್ಲದ ನೀರಿನಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಬಗ್ಗಿ ನಿಲ್ಲಬೇಕು, ನಮ್ಮ ನೆರಳು ನೀರಿನ ಮೇಲೆ ಬೀಳದಂತೆ.

ಮೊದಲು ಕಾಣುವುದು ಪಾಚಿ, ಕೊಳೆತ ಎಲೆ. ಆಮೇಲೆ ಅವುಗಳ ಅಡಿಯಿಂದ ಅಡಿಗೆ ಸರಿಯುವ ಬಾಗಿದ ಬೆನ್ನುಗಳು. ಇದು ಗ್ಯಾಮರಸ್ ಇನ್ಸೆನ್ಸಿಬಿಲಿಸ್. ಜನರ ಮಾತಿನಲ್ಲಿ ಸಿಗಡಿಯೇ. ವಿಜ್ಞಾನಿಗಳ ಲೆಕ್ಕದಲ್ಲಿ ಸಿಗಡಿಯ ದೂರದ ನೆಂಟ, ಆಂಫಿಪಾಡ್ ಎಂಬ ಬೇರೆ ಗುಂಪಿನದು. ಒಂದು ಸೆಂಟಿಮೀಟರ್ ಆಸುಪಾಸು ಉದ್ದ, ಎರಡೂ ಪಕ್ಕದಿಂದ ಒತ್ತಿದಂಥ ಮೈ. ಕೊಳೆತದ್ದನ್ನು ತಿಂದುಕೊಂಡು ತಳದಲ್ಲಿ ಬದುಕುತ್ತದೆ. ನೀರನ್ನು ಕೊಂಚ ಕಲಕಿದರೆ ಸಾಕು, ಬೆಳಕಿಗೆ ಬೆನ್ನು ತಿರುಗಿಸಿ ಕೆಳಗೆ ಇಳಿಯುತ್ತದೆ, ಎಲೆಯ ಅಡಿ ಸೇರುತ್ತದೆ.

ಆದರೆ ಎಲ್ಲವೂ ಹಾಗೆ ಮಾಡುವುದಿಲ್ಲ. ಕೆಲವು ನೀರಿನ ಮೇಲ್ಪದರದಲ್ಲೇ ಇರುತ್ತವೆ, ಬೆಳಕಿನ ಕಡೆಗೇ ಮುಖ. ಕಲಕಿದರೆ ಕೆಳಗಿಳಿಯುವ ಬದಲು ಇನ್ನೂ ಮೇಲಕ್ಕೆ ಏರಿ, ನೀರಿನ ಮೈಮೇಲೆ ಒದ್ದಾಡುತ್ತ ಸುತ್ತುತ್ತವೆ. ಸಂಶೋಧಕರ ಬಾಯಲ್ಲಿ ಇವಕ್ಕೆ ‘ಹುಚ್ಚು ಗ್ಯಾಮರಸ್’ ಎಂದೇ ಹೆಸರು. ದಂಡೆಯ ಸೀಗಲ್‌ಗಳಿಗೆ ಇದಕ್ಕಿಂತ ಸುಲಭದ ಊಟ ಸಿಗಲಾರದು.

ಹುಚ್ಚಿನ ಕಾರಣ ತಲೆಯೊಳಗಿದೆ, ಅಕ್ಷರಶಃ. ಇಂಥದೊಂದನ್ನು ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ತಲೆ ಬಿಡಿಸಿದರೆ ಮೆದುಳಿನಲ್ಲಿ ಮೊಟ್ಟೆಯಾಕಾರದ ಪುಟ್ಟ ಕೋಶ ಕಾಣುತ್ತದೆ, ಅರ್ಧ ಮಿಲಿಮೀಟರ್‌ಗಿಂತಲೂ ಚಿಕ್ಕದು. ಅದರೊಳಗೆ ಮಡಚಿಕೊಂಡಿರುವುದು ಮೈಕ್ರೋಫ್ಯಾಲಸ್ ಪ್ಯಾಪಿಲ್ಲೋರೋಬಸ್ಟಸ್ ಎಂಬ ಚಪ್ಪಟೆ ಹುಳುವಿನ ಮರಿ. ನಮ್ಮ ಕೆರೆಯಂಚಿನಲ್ಲಿ ಮೇಯುವ ದನ ಕುರಿಗಳ ಪಿತ್ತಜನಕಾಂಗ ಸೇರುವ ಲಿವರ್ ಫ್ಲೂಕ್ ಕೂಡ ಇದೇ ಟ್ರೆಮಟೋಡ್ ವರ್ಗದ್ದು. ಅದೂ ಬಸವನಹುಳುವಿನ ಮೂಲಕವೇ ಬರುತ್ತದೆ. ಬಹುತೇಕ ಟ್ರೆಮಟೋಡ್‌ಗಳ ಬದುಕಿನಲ್ಲಿ ಬಸವನಹುಳು ತಪ್ಪದು.

ತೋದಲ್ಲಿ ಆ ಪಾತ್ರ ಹೈಡ್ರೋಬಿಯಾದ್ದು, ಕೆಲವೇ ಮಿಲಿಮೀಟರ್ ಉದ್ದದ ಬಸವನಹುಳು. ಹಕ್ಕಿಯ ಹಿಕ್ಕೆಯಲ್ಲಿ ಬಿದ್ದ ಮೊಟ್ಟೆಯನ್ನು ಅದು ಕೆಸರಿನ ಜೊತೆ ನುಂಗುತ್ತದೆ. ಒಳಗೆ ಹುಳು ತನ್ನನ್ನೇ ನಕಲು ಮಾಡುತ್ತ ಹೆಚ್ಚುತ್ತದೆ; ಬಸವನಹುಳುವಿನ ಸಂತಾನಶಕ್ತಿ ಅಲ್ಲಿಗೆ ಮುಗಿಯುತ್ತದೆ. ಅದರಿಂದ ಸರ್ಕೇರಿಯಾ ಎಂಬ ಬಾಲದ ಮರಿಗಳು ನೀರಿಗೆ ಬೀಳುತ್ತವೆ. ಪ್ರತಿ ಮರಿಯ ಬಾಯಲ್ಲೂ ಒಂದು ಚೂಪು ಮುಳ್ಳು. ಗ್ಯಾಮರಸ್‌ನ ಮೈ ಕೊರೆದು ಒಳನುಗ್ಗಿ ಮೆದುಳು ಸೇರಿ ಕೋಶ ಕಟ್ಟಿಕೊಳ್ಳುತ್ತವೆ. ಗ್ಯಾಮರಸ್ಸನ್ನು ಹಕ್ಕಿ ತಿಂದರೆ ಅದರ ಕರುಳಿನಲ್ಲಿ ಕೆಲವೇ ದಿನಗಳಲ್ಲಿ ಬಲಿತು ಮೊಟ್ಟೆಯಿಡುತ್ತವೆ.

ನೀರು ಬಿಸಿಯಾದಷ್ಟೂ ಬಸವನಹುಳು ಹೊರಬಿಡುವ ಮರಿಗಳು ಹೆಚ್ಚು. 1990ರ ವಸಂತದಲ್ಲಿ ಡೆನ್ಮಾರ್ಕಿನ ವಾಡೆನ್ ಸಮುದ್ರದ ಕೆಸರುಬಯಲಿನಲ್ಲಿ ಕೋರೋಫಿಯಮ್ ಎಂಬ ಕೆಸರು ಸಿಗಡಿ ಸಾಮೂಹಿಕವಾಗಿ ಸತ್ತುಹೋಯಿತು. ಆ ವಸಂತ ಎಂದಿಗಿಂತ ಬೆಚ್ಚಗಿತ್ತು. ಜೆನ್ಸೆನ್ ಮತ್ತು ಮೌರಿಟ್ಸೆನ್ ಎಂಬ ಸಂಶೋಧಕರ ಅನುಮಾನ ಹೋದದ್ದು ಮೈಕ್ರೋಫ್ಯಾಲಸ್ ಸೇರಿರುವ ಕುಟುಂಬದ ಹುಳುಗಳ ಮೇಲೆ. ಬಿಲ ತೋಡಿ ಕೆಸರನ್ನು ಹಿಡಿದಿಟ್ಟಿದ್ದ ಸಿಗಡಿಗಳು ಇಲ್ಲವಾದ ಮೇಲೆ ಬಯಲಿನ ಮಣ್ಣೇ ಕೊಚ್ಚಿಹೋಗಿ ಅದರ ಆಕಾರ ಬದಲಾಯಿತು.

ತೋದ ಕಡೆಗೆ ಮರಳೋಣ. ಹುಚ್ಚಿನ ವಿವರಗಳನ್ನು ಮೊದಲು ತಾಳ್ಮೆಯಿಂದ ಬಿಡಿಸಿಟ್ಟವರು ಸಿಮೋನ್ ಹೆಲ್ಲುಯಿ. ಅವರ ಲೇಖನಗಳು ಬಂದದ್ದು 1983 ಮತ್ತು 1984ರಲ್ಲಿ. ಸೋಂಕಿದ ಮತ್ತು ಸೋಂಕಿಲ್ಲದ ಗ್ಯಾಮರಸ್‌ಗಳನ್ನು ಹಕ್ಕಿಗಳ ಮುಂದಿಟ್ಟು ನೋಡಿದರು; ಸೋಂಕಿದವೇ ಹೆಚ್ಚು ಹೊಟ್ಟೆ ಸೇರಿದವು. ಇಲ್ಲಿ ಹುಳು ಕೂತ ಜಾಗವೇ ಮುಖ್ಯ. ಇದರ ಸೋದರ ಜಾತಿ ಮೈಕ್ರೋಫ್ಯಾಲಸ್ ಹಾಫ್‌ಮನಿ ಇದೇ ಗ್ಯಾಮರಸ್‌ನ ಹೊಟ್ಟೆಯ ಭಾಗದಲ್ಲಿ ಕೂರುತ್ತದೆ, ಅದರಿಂದ ನಡವಳಿಕೆ ಬದಲಾಗುವುದಿಲ್ಲ. 2003ರಲ್ಲಿ ಹೆಲ್ಲುಯಿ ಮತ್ತು ಫ್ರೆಡರಿಕ್ ತೋಮಾ ಸೋಂಕಿದ ಮೆದುಳುಗಳನ್ನು ಪರೀಕ್ಷಿಸಿದಾಗ, ದೃಷ್ಟಿಯನ್ನು ನಿಭಾಯಿಸುವ ಭಾಗದಲ್ಲಿ ಸೆರೊಟೋನಿನ್ ಎಂಬ ನರಸಂದೇಶವಾಹಕ ಕುಗ್ಗಿತ್ತು. ವಾಸನೆಯ ಭಾಗದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಬೆಳಕಿನ ವಿಷಯದಲ್ಲೇ ಎಡವುವ ಪ್ರಾಣಿಗೆ ಇದು ಹೊಂದುತ್ತದೆ.

ಮೇಲೆ ತೇಲುವ ಬದುಕು ಮದುವೆಯನ್ನೂ ಬಿಡುವುದಿಲ್ಲ. ಗ್ಯಾಮರಸ್ ಗಂಡು ಹೆಣ್ಣನ್ನು ಅಪ್ಪಿಕೊಂಡು, ಅದು ಪೊರೆ ಕಳಚುವ ತನಕ ಹೊತ್ತು ತಿರುಗುತ್ತದೆ. ಜೋಡಿಗಳನ್ನು ಹಿಡಿದು ನೋಡಿದರೆ ಸೋಂಕಿದ್ದಕ್ಕೆ ಸೋಂಕಿದ್ದೇ ಸಿಕ್ಕಿರುವುದು ಹೆಚ್ಚು. ಒಂದು ಗುಂಪು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಹಾಗಾಗುವುದು ಸಹಜವೇ.

ಈ ಮೇಲ್ಪದರದ ಲಾಭ ಪಡೆಯುವ ಇನ್ನೊಂದು ಹುಳುವೂ ಇದೆ, ಮಾರಿಟ್ರೆಮಾ ಸಬ್ಡೋಲಮ್. ಇದಕ್ಕೂ ಹಕ್ಕಿಯೇ ಬೇಕು, ಆದರೆ ಗ್ಯಾಮರಸ್‌ನ ನಡವಳಿಕೆ ಬದಲಿಸುವ ಶಕ್ತಿ ಇಲ್ಲ. ಇದರ ಮರಿಗಳು ನೀರಿನ ಮೇಲ್ಭಾಗದಲ್ಲಿ ಈಜುತ್ತವೆ, ಹಾಗಾಗಿ ಹೆಚ್ಚಾಗಿ ಸಿಗುವುದು ಈಗಾಗಲೇ ಹುಚ್ಚಾದ ಗ್ಯಾಮರಸ್‌ಗಳೇ. ಬೇರೆಯವರು ಟಿಕೆಟ್ ಕೊಂಡ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ತೋಮಾ ಮತ್ತು ಸಂಗಡಿಗರು 1997ರಲ್ಲಿ ಇದನ್ನು ವರದಿ ಮಾಡಿದರು.

ಪತ್ರಿಕೆಗಳು ಇಂಥವನ್ನೆಲ್ಲ ‘ಜೋಂಬಿ ಸಿಗಡಿ’ ಎಂದು ಒಂದೇ ತಲೆಬರಹದಲ್ಲಿ ಮುಗಿಸುತ್ತವೆ. ನನಗೆ ಆ ಮಾತು ಹಿಡಿಸುವುದಿಲ್ಲ. ಹುಳು ಬಯಸಿತು, ಸಿಗಡಿ ಮಣಿಯಿತು ಎನ್ನುವುದು ಹೇಳಲು ಸುಲಭ. ನೀರಿನಲ್ಲಿ ಕಾಣುವುದು ಅಷ್ಟು ಸಲೀಸಲ್ಲ: ಮೆದುಳಿನಲ್ಲಿ ಹುಳುವಿದ್ದೂ ಸರಿಯಾಗಿಯೇ ನಡೆದುಕೊಳ್ಳುವ ಗ್ಯಾಮರಸ್‌ಗಳೂ ಇವೆ. ಅಂಥವುಗಳಲ್ಲಿ ಗ್ಯಾಮರಿನೀಮಾ ಗ್ಯಾಮರಿ ಎಂಬ ದುಂಡುಹುಳು ಹೆಚ್ಚಾಗಿ ಕಂಡಿತು. ಈ ದುಂಡುಹುಳುವಿಗೆ ಗ್ಯಾಮರಸ್ಸೇ ಮನೆ, ಅದೇ ಅನ್ನ. ಹಕ್ಕಿ ತಿಂದರೆ ಇದೂ ಸತ್ತಂತೆ. ಹಾಗಾದರೆ ತನ್ನ ಮನೆ ಉಳಿಸಿಕೊಳ್ಳಲು ಇದು ಇನ್ನೊಂದರ ಕೆಲಸ ಕೆಡಿಸುತ್ತಿದೆಯೇ? ಎಷ್ಟು ಅಚ್ಚುಕಟ್ಟಾದ ಕಥೆ!

ತೋಮಾ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗೆ ಹಚ್ಚಿದರು. ಗ್ಯಾಮರಸ್‌ಗಳಿಗೆ ದುಂಡುಹುಳುವನ್ನು ಸೇರಿಸಿ ನೋಡಿದರು, ಹುಚ್ಚು ಕಡಿಮೆಯಾಗಲಿಲ್ಲ. ಇದ್ದ ದುಂಡುಹುಳುಗಳನ್ನು ತೆಗೆದು ನೋಡಿದರು, ಸರಿಯಿದ್ದವು ಹುಚ್ಚಾಗಲಿಲ್ಲ. 2002ರಲ್ಲಿ ಪ್ರಕಟವಾದ ಆ ಲೇಖನದಲ್ಲಿ, ತಮ್ಮ ಊಹೆಯನ್ನು ಪ್ರಯೋಗ ಬೆಂಬಲಿಸಲಿಲ್ಲವೆಂದು ಅವರೇ ಬರೆದರು. ಈ ಹಿನ್ನೀರಿನ ಬಗ್ಗೆ ನಾನು ಓದಿದ್ದರಲ್ಲಿ ಅತ್ಯಂತ ನಂಬಿಕೆಗೆ ಅರ್ಹವಾದ ಲೇಖನ ಅದೇ.