ಫೈಲ್ ಸಿಸ್ಟಂನ ಕಿರ್ದಿ ಪುಸ್ತಕ

ಫೈಲೊಂದಕ್ಕೆ ನಾಲ್ಕು ಸಾಲು ಸೇರಿಸಿದರೂ ಡಿಸ್ಕಿನ ಮೇಲೆ ಹಲವು ಕಡೆ ಬರೆಯಬೇಕಾಗುತ್ತದೆ. ಯಾವ ಬ್ಲಾಕ್ ಖಾಲಿ ಎಂದು ತೋರಿಸುವ ನಕ್ಷೆ ಬದಲಾಗಬೇಕು, ಫೈಲಿನ ಗಾತ್ರ ಮತ್ತು ನೆಲೆಯ ವಿವರವಿರುವ ಐನೋಡ್ ಬದಲಾಗಬೇಕು, ಆ ಸಾಲುಗಳೂ ಎಲ್ಲೋ ಒಂದು ಬ್ಲಾಕಿನಲ್ಲಿ ಕೂರಬೇಕು. ಈ ನಡುವೆ ಕರೆಂಟು ಹೋದರೆ ಒಂದು ಕಡೆಯ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಲಿನಕ್ಸ್‌ನ ಹಳೆಯ ಇಎಕ್ಸ್‌ಟಿ2 ಫೈಲ್ ಸಿಸ್ಟಂನಲ್ಲಿ ಹಾಗಾದಾಗ ಎಫ್‌ಎಸ್‌ಸಿಕೆ ಎಂಬ ಪ್ರೋಗ್ರಾಂ ಇಡೀ ಡಿಸ್ಕನ್ನು ಜಾಲಾಡಬೇಕಿತ್ತು. ದೊಡ್ಡ ಡಿಸ್ಕಾದರೆ ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ.

ಜರ್ನಲ್ ಹುಟ್ಟಿದ್ದು ಇದನ್ನು ತಪ್ಪಿಸಲಿಕ್ಕೆ. ಅಂಗಡಿಯ ವ್ಯವಹಾರ ಮೊದಲು ಕಿರ್ದಿಗೆ ಹತ್ತಿ ಆಮೇಲೆ ಖಾತೆಗೆ ಇಳಿಯುವಂತೆ, ಮಾಡಬೇಕಾದ ಬದಲಾವಣೆಗಳು ಮೊದಲು ಜರ್ನಲ್‌ನಲ್ಲಿ ದಾಖಲಾಗುತ್ತವೆ. ಯಂತ್ರ ಮತ್ತೆ ಎದ್ದಾಗ ಕಿರ್ದಿಯ ಕೊನೆಯ ಪುಟಗಳನ್ನು ಓದಿದರೆ ಸಾಕು: ಪೂರ್ತಿಯಾಗಿ ದಾಖಲಾದದ್ದು ಖಾತೆಗೆ ಹೋಗುತ್ತದೆ, ಅರ್ಧಕ್ಕೆ ನಿಂತದ್ದು ಬಿಟ್ಟುಹೋಗುತ್ತದೆ. ಸ್ಟೀಫನ್ ಟ್ವೀಡಿ ರೂಪಿಸಿದ ಇಎಕ್ಸ್‌ಟಿ3 ಈ ಅನುಕೂಲವನ್ನು 2001ರಲ್ಲಿ 2.4.15 ಕರ್ನೆಲ್ ಮೂಲಕ ಲಿನಕ್ಸ್‌ನ ಇಎಕ್ಸ್‌ಟಿ ಸಾಲಿಗೆ ತಂದಿತು. ಅದರ ಮುಂದಿನ ರೂಪ ಇಎಕ್ಸ್‌ಟಿ4, 2008ರ ಕೊನೆಯಲ್ಲಿ ಬಳಕೆಗೆ ಸಿದ್ಧವಾಯಿತು.

ಜರ್ನಲ್ ಇದ್ದ ಮಾತ್ರಕ್ಕೆ ಬರೆದದ್ದೆಲ್ಲ ಉಳಿಯುತ್ತದೆ ಎಂಬ ನಂಬಿಕೆ ಸಾಮಾನ್ಯ, ಆದರೆ ಅದು ತಪ್ಪು. ಕಿರ್ದಿಗೆ ಏನೇನು ಹತ್ತಬೇಕು ಎಂಬುದು ಫೈಲ್ ಸಿಸ್ಟಂ ಅನ್ನು ಮೌಂಟ್ ಮಾಡುವಾಗ, ಅಂದರೆ ಬಳಕೆಗೆ ಜೋಡಿಸುವಾಗ, ಕೊಡುವ ಆಯ್ಕೆಗೆ ಬಿಟ್ಟದ್ದು. ಡೀಫಾಲ್ಟ್ ಆದ 'ಆರ್ಡರ್ಡ್' ವಿಧಾನದಲ್ಲಿ ಜರ್ನಲ್‌ಗೆ ಹೋಗುವುದು ಮೆಟಾಡೇಟಾ, ಅಂದರೆ ನಕ್ಷೆ, ಐನೋಡ್‌ಗಳಂಥ ವಿವರ ಮಾತ್ರ. ಆದರೆ ಅದು ಖಾಯಂ ಆಗುವ ಮುನ್ನ ಅದಕ್ಕೆ ಸೇರಿದ ದತ್ತಾಂಶ ಡಿಸ್ಕಿಗೆ ಇಳಿದಿರಬೇಕೆಂಬ ಕಟ್ಟಳೆಯಿದೆ. 'ರೈಟ್‌ಬ್ಯಾಕ್'ನಲ್ಲಿ ಆ ಕಟ್ಟಳೆಯೂ ಇಲ್ಲ. ವೇಗ ಹೆಚ್ಚಬಹುದು, ಆದರೆ ಯಂತ್ರ ಹಠಾತ್ತನೆ ನಿಂತರೆ ಹೊಸ ಫೈಲಿನೊಳಗೆ ಹಿಂದೆಂದೋ ಅಳಿಸಿದ ಬೇರೊಂದು ಫೈಲಿನ ಚೂರು ಕಾಣಿಸಿಕೊಳ್ಳಬಹುದು. ಹಲವರು ಬಳಸುವ ಸರ್ವರ್‌ನಲ್ಲಿ ಇದು ಗುಟ್ಟು ರಟ್ಟಾಗುವ ದಾರಿಯೂ ಹೌದು. 2009ರಲ್ಲಿ ಇಎಕ್ಸ್‌ಟಿ3ರ ಡೀಫಾಲ್ಟನ್ನು ರೈಟ್‌ಬ್ಯಾಕ್‌ಗೆ ಬದಲಿಸಿದ ಕರ್ನೆಲ್ ತಂಡ ಮರುವರ್ಷವೇ ಆರ್ಡರ್ಡ್‌ಗೆ ಮರಳಿತು.

ಹಾಗೆಂದು ಆರ್ಡರ್ಡ್ ಪುಕ್ಕಟೆಯಲ್ಲ. ಫೈರ್‌ಫಾಕ್ಸ್ 3 ಬಂದ ಹೊಸತರಲ್ಲಿ ಅದರ ಡೇಟಾಬೇಸ್ ಪದೇ ಪದೇ ಎಫ್‌ಸಿಂಕ್ ಕೇಳುತ್ತಿತ್ತು, ಅಂದರೆ ಬರೆದದ್ದನ್ನು ಈಗಲೇ ಡಿಸ್ಕಿಗೆ ಇಳಿಸು ಎಂದು ಒತ್ತಾಯಿಸುತ್ತಿತ್ತು. ಇಎಕ್ಸ್‌ಟಿ3 ಆ ಒಂದು ಫೈಲಿನ ಜೊತೆಗೆ ಕಾಯುತ್ತಿದ್ದ ಬೇರೆ ಫೈಲುಗಳ ದತ್ತಾಂಶವನ್ನೂ ಇಳಿಸಬೇಕಾಗಿ ಬಂದು ಬ್ರೌಸರ್ ತಡವರಿಸುತ್ತಿತ್ತು. ಮೂರನೆಯ ವಿಧಾನವಾದ 'ಜರ್ನಲ್'ನಲ್ಲಿ ದತ್ತಾಂಶವೂ ಕಿರ್ದಿಗೆ ಹತ್ತುವುದರಿಂದ ಎಲ್ಲವನ್ನೂ ಎರಡು ಸಲ ಬರೆಯಬೇಕು. ದೊಡ್ಡ ಫೈಲುಗಳಿಗೆ ಇದು ದುಬಾರಿ. ಆದರೆ ಚಿಕ್ಕ ಚಿಕ್ಕ ಬರಹಗಳಿಗೆಲ್ಲ ಎಫ್‌ಸಿಂಕ್ ಕೇಳುವ ಮೇಲ್ ಸರ್ವರ್‌ಗಳಲ್ಲಿ, ಕಿರ್ದಿಯ ಒಂದೇ ಜಾಗದಲ್ಲಿ ಸಾಲಾಗಿ ಬರೆದು ಮುಗಿಸಬಹುದಾದ್ದರಿಂದ, ನಿಧಾನವೆನಿಸಿಕೊಂಡ ಈ ವಿಧಾನವೇ ಕೆಲವೊಮ್ಮೆ ಗೆಲ್ಲುತ್ತದೆ.

ನಿಜವಾದ ಅಪಾಯವಿರುವುದು 'ಬ್ಯಾರಿಯರ್' ತೆಗೆಯುವುದರಲ್ಲಿ. ಡಿಸ್ಕಿಗೂ ತನ್ನದೇ ಕ್ಯಾಶ್ ಇರುತ್ತದೆ. ಬರೆದೆ ಎಂದು ಅದು ಹೇಳುವಾಗ ಬರಹ ಇನ್ನೂ ಕ್ಯಾಶಿನಲ್ಲೇ ಇರಬಹುದು, ಇಳಿಯುವ ಅನುಕ್ರಮವೂ ಹಿಂದುಮುಂದಾಗಬಹುದು. ಈ ಅನುಕ್ರಮವನ್ನು ಹದ್ದುಬಸ್ತಿನಲ್ಲಿಡುವುದು ಬ್ಯಾರಿಯರ್. ಅದಿಲ್ಲದಿದ್ದರೆ ವಿವರಗಳು ಇಳಿಯುವ ಮೊದಲೇ ಕಿರ್ದಿಗೆ ಮುಗಿಯಿತೆಂಬ ಮುದ್ರೆ ಬಿದ್ದು, ಜರ್ನಲ್ ಯಾವುದಕ್ಕೆ ಇದೆಯೋ ಆ ಭರವಸೆಯೇ ಕುಸಿಯುತ್ತದೆ. ಬ್ಯಾಟರಿ ಬೆಂಬಲದ ಕ್ಯಾಶ್ ಇರುವ ರೇಡ್ ಕಂಟ್ರೋಲರ್ ಇದ್ದಲ್ಲಿ ಮಾತ್ರ ಇದನ್ನು ತೆಗೆದರೆ ಸರಿ. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಅಂತೂ 'ನೋಬ್ಯಾರಿಯರ್' ಆಯ್ಕೆಯನ್ನೇ ಕಿತ್ತುಹಾಕಿದೆ.

ಜರ್ನಲನ್ನು ಎಷ್ಟು ಹೊತ್ತಿಗೊಮ್ಮೆ ಡಿಸ್ಕಿಗೆ ಇಳಿಸಬೇಕೆಂದು ಹೇಳುವ 'ಕಮಿಟ್' ಆಯ್ಕೆಯ ಲೆಕ್ಕ ಸರಳ. ಡೀಫಾಲ್ಟ್ 5 ಸೆಕೆಂಡು. ಅದನ್ನು ಹೆಚ್ಚಿಸಿದರೆ ಡಿಸ್ಕಿಗೆ ವಿಶ್ರಾಂತಿ, ಕಳೆದುಕೊಳ್ಳಬಹುದಾದ ಕೆಲಸವೂ ಅಷ್ಟೇ ಹೆಚ್ಚು. ಆದರೆ ಇಎಕ್ಸ್‌ಟಿ4 ಬ್ಲಾಕ್ ಹಂಚುವುದನ್ನೇ ಮುಂದೂಡುವುದರಿಂದ, ಹೊಸ ದತ್ತಾಂಶ 30 ಸೆಕೆಂಡಿಗೂ ಮೀರಿ ಮೆಮೊರಿಯಲ್ಲೇ ಉಳಿದಿರಬಹುದು. ಎಫ್‌ಸಿಂಕ್ ಮಾಡದ ಪ್ರೋಗ್ರಾಂಗಳ ಫೈಲುಗಳು ಕರೆಂಟು ಹೋದಾಗ ಸೊನ್ನೆ ಗಾತ್ರಕ್ಕೆ ಇಳಿದು, 2009ರಲ್ಲಿ ದೊಡ್ಡ ಗದ್ದಲವೇ ಆಯಿತು. ಹಳೆಯ ಫೈಲಿನ ಜಾಗಕ್ಕೆ ಹೊಸದನ್ನು ತರುವ ಸಂದರ್ಭಗಳನ್ನು ಗುರುತಿಸಿ ಬೇಗ ಇಳಿಸುವ ಉಪಾಯ ಬಂದದ್ದು ಆಮೇಲೆ.

ಸುರಕ್ಷತೆಗೆ ಕೈಹಾಕದೆ ವೇಗ ಕೊಡುವ ಆಯ್ಕೆ 'ನೋಎಟೈಮ್'. ಫೈಲನ್ನು ಓದಿದ ಹೊತ್ತನ್ನೂ ದಾಖಲಿಸುವ ಹಳೆಯ ಪದ್ಧತಿಯಿಂದ ಪ್ರತಿ ಓದೂ ಒಂದು ಬರಹವಾಗುತ್ತಿತ್ತು. 2009ರ 2.6.30 ಕರ್ನೆಲ್‌ನಿಂದ ಓದಿದ ಹೊತ್ತನ್ನು ಕೆಲವು ಸಂದರ್ಭಗಳಲ್ಲಿ ಮಾತ್ರ ದಾಖಲಿಸುವ 'ರೆಲ್‌ಎಟೈಮ್' ಡೀಫಾಲ್ಟ್ ಆಗಿ ಆ ಹೊರೆ ಬಹುಪಾಲು ತಗ್ಗಿದೆ. ನೋಎಟೈಮ್ ಕೊಟ್ಟರೆ ಉಳಿದದ್ದೂ ಹೋಗುತ್ತದೆ. ಈ ಆಯ್ಕೆಗಳೆಲ್ಲ ಒಂದೊಂದು ಪಾರ್ಟಿಷನ್‌ಗೆ ಪ್ರತ್ಯೇಕ. ಮತ್ತೆ ಕಂಪೈಲ್ ಮಾಡಿಕೊಳ್ಳಬಹುದಾದ ಫೈಲುಗಳಿರುವ ಪಾರ್ಟಿಷನ್‌ಗೆ ರೈಟ್‌ಬ್ಯಾಕ್, ಮನೆಯವರ ಫೋಟೊ ಇರುವುದಕ್ಕೆ ಆರ್ಡರ್ಡ್ ಎಂದು ಹಂಚಬಹುದು. ಎಟೈಮ್ ಆಯ್ಕೆಯನ್ನು ಬಳಕೆಯಲ್ಲಿರುವಾಗಲೇ ರೀಮೌಂಟ್ ಮಾಡಿ ಬದಲಿಸಲು ಬರುತ್ತದೆ. ದತ್ತಾಂಶದ ವಿಧಾನವನ್ನು ಬದಲಿಸಲು ಮಾತ್ರ ಪಾರ್ಟಿಷನನ್ನು ಪೂರ್ತಿ ಕಳಚಿ ಮತ್ತೆ ಮೌಂಟ್ ಮಾಡಬೇಕು.